ಐರ್ಲೆಂಡಿನ ಬೆಣ್ಣೆ ಕೊಳ್ಳುವ ಮುಂಚೆ ಸಂತೆಯ ಬೆಣ್ಣೆ ನೋಡಿ

ಹೊರದೇಶದ ‘ಗ್ರಾಸ್ ಫೆಡ್’, ಅಂದರೆ ಹುಲ್ಲು ಮೇಯ್ದ ಹಸುವಿನ ಬೆಣ್ಣೆ ತಗೋಬೇಕಾ ಬೇಡವಾ ಅಂತ ಕೇಳುವವರು ನಮ್ಮ ಕಡೆ ಈಗ ಜಾಸ್ತಿ ಆಗಿದ್ದಾರೆ. ಮನೆಯಲ್ಲಿ ಸಣ್ಣ ಮಕ್ಕಳಿರುವವರು ಕೇಳುತ್ತಾರೆ, ತೂಕ ಇಳಿಸಲು ಅನ್ನ, ರೊಟ್ಟಿ ಬಿಟ್ಟು ಕೊಬ್ಬು ಜಾಸ್ತಿ ತಿನ್ನುವ ಕೀಟೋ ಪಥ್ಯ ಶುರು ಮಾಡಿದವರು ಕೇಳುತ್ತಾರೆ. ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ರೊಟ್ಟಿಗೆ, ದೋಸೆಗೆ, ತುಪ್ಪ ಕಾಯಿಸೋದಕ್ಕೆ ಅಂತಾದರೆ ಬೇಡ. ಬ್ರೆಡ್ಡಿಗೆ ದಪ್ಪಗೆ ಹಚ್ಚಿ ಆ ರುಚಿಯನ್ನೇ ತಿನ್ನಬೇಕು ಅಂತಿದ್ದರೆ, ಅಥವಾ ಮನೆಯಲ್ಲೇ ಪದರ ಪದರದ ಪಫ್, ಕ್ರೊಸಾಂ ಮಾಡುವ ಆಸೆ ಇದ್ದರೆ, ಅಪರೂಪಕ್ಕೊಮ್ಮೆ ತನ್ನಿ. ಉಳಿದದ್ದಕ್ಕೆಲ್ಲ ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಜಿಲ್ಲೆಯಲ್ಲಿ ಒಳ್ಳೆಯ ಬೆಣ್ಣೆ ಸಿಗುತ್ತದೆ. ಆದರೆ ಅದನ್ನು ಕೇಳಿ, ನೋಡಿ, ಮೂಸಿ ಕೊಳ್ಳಬೇಕು. ಹೇಗೆ ಅಂತ ಬರೆಯುತ್ತೇನೆ.

ಮೊದಲು ಆ ‘ಹುಲ್ಲು ಮೇಯ್ದ ಹಸು’ ಅನ್ನೋ ಮಾತು. ಐರ್ಲೆಂಡಿನಲ್ಲಿ ಚಳಿ ತೀರಾ ಕಡು ಅಲ್ಲ, ಮಳೆ ವರ್ಷವಿಡೀ ಬರುತ್ತದೆ, ಹಾಗಾಗಿ ಹುಲ್ಲು ಬೆಳೆಯುತ್ತಲೇ ಇರುತ್ತದೆ. ಹಸುಗಳು ವರ್ಷದ ಬಹುಪಾಲು ಹೊರಗೇ ಮೇಯುತ್ತವೆ. 1962ರಲ್ಲಿ ಶುರುವಾದ ಕೆರಿಗೋಲ್ಡ್ ಬ್ರಾಂಡಿನ ಹೆಸರು ನಿಂತಿರುವುದೇ ಇದರ ಮೇಲೆ. ಹಾಗಂತ ಆ ಹಸುಗಳು ಹುಲ್ಲು ಬಿಟ್ಟು ಬೇರೆ ಏನೂ ತಿನ್ನುವುದಿಲ್ಲ ಅಂತಲ್ಲ. ಚಳಿಗಾಲದಲ್ಲಿ ಕೊಟ್ಟಿಗೆಯಲ್ಲಿ ಕಟ್ಟಿ ಹುದುಗಿಸಿದ ಮೇವು ಹಾಕುತ್ತಾರೆ, ಸ್ವಲ್ಪ ಕಾಳಿನ ಆಹಾರವೂ ಇರುತ್ತದೆ. ನ್ಯೂಜಿಲೆಂಡಿನಲ್ಲೂ ಹೆಚ್ಚುಕಡಿಮೆ ಹೀಗೇ, ಹುಲ್ಲೇ ಮುಖ್ಯ. ಡೆನ್ಮಾರ್ಕಿನ ಲುರ್ಪಾಕ್, ಫ್ರಾನ್ಸಿನ ಪ್ರೆಸಿಡೆಂಟ್ ಕೂಡ ಒಳ್ಳೆಯ ಬೆಣ್ಣೆಗಳೇ, ಆದರೆ ಹೊರದೇಶದ್ದು ಅಂದಮಾತ್ರಕ್ಕೆ ‘ಗ್ರಾಸ್ ಫೆಡ್’ ಅಂತ ಅರ್ಥ ಅಲ್ಲ. ಅಂಗಡಿಯವರು ಎಲ್ಲವನ್ನೂ ಒಂದೇ ಉಸಿರಲ್ಲಿ ಗ್ರಾಸ್ ಫೆಡ್ ಅಂತ ಹೇಳಿ ಮಾರುತ್ತಾರೆ. ಪ್ಯಾಕೆಟ್ ಮೇಲೆ ಬರೆದಿದ್ದರೆ ಮಾತ್ರ ನಂಬಿ.

ಹಸಿ ಹುಲ್ಲು ತಿಂದ ಹಸುವಿನ ಬೆಣ್ಣೆ ಹಳದಿ ಯಾಕೆ? ಹುಲ್ಲಿನಲ್ಲಿರುವ ಬೀಟಾ ಕೆರೋಟಿನ್ ಎನ್ನುವ ಹಳದಿ ಬಣ್ಣದ ವಸ್ತು ಹಾಲಿನ ಕೊಬ್ಬಿಗೆ ಇಳಿಯುತ್ತದೆ, ಅದಕ್ಕೆ. ಮೇವು ಒಣಗಿದಂತೆ ಅದರಲ್ಲಿನ ಕೆರೋಟಿನ್ ಕಡಿಮೆ ಆಗುತ್ತದೆ, ಬೆಣ್ಣೆಯೂ ಬೆಳ್ಳಗಾಗುತ್ತದೆ. ಇಲ್ಲಿ ನಮ್ಮವರು ಒಂದು ವಿಷಯ ಸರಿಯಾಗಿ ತಿಳಿಯಬೇಕು. ಎಮ್ಮೆ ತಾನು ತಿಂದ ಕೆರೋಟಿನ್ನನ್ನೆಲ್ಲ ವಿಟಮಿನ್ ಎ ಮಾಡಿಬಿಡುತ್ತದೆ. ಅದಕ್ಕೇ ಎಮ್ಮೆ ಬೆಣ್ಣೆ ಯಾವಾಗಲೂ ಬಿಳಿ. ಖಾನಾಪುರದ ಕಾಡಂಚಿನಲ್ಲಿ ಗೌಳಿಗರ ಎಮ್ಮೆ ದಿನವಿಡೀ ಹಸಿ ಹುಲ್ಲು ಮೇಯ್ದು ಬಂದರೂ ಬೆಣ್ಣೆ ಬಿಳಿಯೇ ಇರುತ್ತದೆ. ‘ಹಳದಿ ಇಲ್ಲ, ಹಂಗಾದ್ರ ಹುಲ್ಲು ತಿಂದಿಲ್ಲ’ ಅಂತ ಬಿಟ್ಟು ಬರಬೇಡಿ. ಇನ್ನೊಂದು ಕಡೆ, ಅಮುಲ್ ಬೆಣ್ಣೆಯ ಹಳದಿ ನೋಡಿ ಹುಲ್ಲಿನ ಬಣ್ಣ ಅಂದುಕೊಳ್ಳಬೇಡಿ. ಅದು ಅನಾಟೊ, ಅಂದರೆ ಒಂದು ಗಿಡದ ಬೀಜದಿಂದ ತೆಗೆದ ಬಣ್ಣ. ಪ್ಯಾಕೆಟ್ಟುಗಳ ಮೇಲೆ ಇದನ್ನು 160ಬಿ ಅಂತ ಬರೆಯುತ್ತಾರೆ. ಅದರಿಂದ ಏನೂ ತೊಂದರೆ ಇಲ್ಲ, ಆದರೆ ಆ ಬಣ್ಣ ಮೇವಿನ ಬಗ್ಗೆ ಏನೂ ಹೇಳುವುದಿಲ್ಲ.

ಇನ್ನು ಆರೋಗ್ಯದ ಲೆಕ್ಕ. ಹುಲ್ಲು ಮೇಯ್ದ ಹಸುವಿನ ಬೆಣ್ಣೆಯಲ್ಲಿ ಒಮೆಗಾ 3, ಸಿಎಲ್ಎ ಎನ್ನುವ ಕೊಬ್ಬಿನಾಮ್ಲಗಳು ಜಾಸ್ತಿ, ಕೆರೋಟಿನ್ ಜಾಸ್ತಿ. ಇದೆಲ್ಲ ನಿಜ. ಆದರೆ ಜಾಸ್ತಿ ಅಂದರೆ ಎಷ್ಟು ಅಂತ ಕೇಳಿ. ದಿನಕ್ಕೆ 10 ಗ್ರಾಂ ಬೆಣ್ಣೆ ತಿಂದರೆ ಅದರಿಂದ ಸಿಗುವ ಒಮೆಗಾ 3 ಒಂದು ಗ್ರಾಮಿನ ಹತ್ತನೇ ಒಂದು ಭಾಗದಷ್ಟೂ ಇರುವುದಿಲ್ಲ. ನಮ್ಮ ಮನೆಯ ಅಗಸಿ ಚಟ್ನಿ ಗೊತ್ತಲ್ವಾ? ಅಗಸಿಯ 100 ಗ್ರಾಮಿನಲ್ಲಿ 20 ಗ್ರಾಮಿಗಿಂತ ಹೆಚ್ಚು ಒಮೆಗಾ 3 ಇರುತ್ತದೆ. ಹುರಿದು ಕುಟ್ಟಿದ ಚಟ್ನಿ ಒಂದು ಚಮಚ ರೊಟ್ಟಿಗೆ ಹಚ್ಚಿಕೊಂಡರೆ ಐರ್ಲೆಂಡಿನ ಬೆಣ್ಣೆಯ ಎಷ್ಟೋ ದಿನದ ಪಾಲು ಒಂದೇ ಊಟದಲ್ಲಿ ಸಿಕ್ಕಂತಾಯಿತು. ಕೆರೋಟಿನ್ ಬೇಕಾದರೆ ಗಜ್ಜರಿ, ನುಗ್ಗೆ ಸೊಪ್ಪು ಇದೆ. ಸ್ಯಾಚುರೇಟೆಡ್ ಕೊಬ್ಬು ಮಾತ್ರ ಹುಲ್ಲಿನ ಬೆಣ್ಣೆ, ಬೇರೆ ಬೆಣ್ಣೆ ಎರಡರಲ್ಲೂ ಒಂದೇ, 100 ಗ್ರಾಮಿಗೆ ಸುಮಾರು 50 ಗ್ರಾಂ. ಹೃದಯದ ತೊಂದರೆ ಇರುವವರು ‘ಇದು ಗ್ರಾಸ್ ಫೆಡ್, ಎಷ್ಟು ತಿಂದರೂ ನಡೀತದೆ’ ಅಂತ ತಿನ್ನುವುದನ್ನು ನೋಡಿದರೆ ನನಗೆ ನಿಜವಾಗಿ ಭಯ ಆಗುತ್ತದೆ.

ಹೊರದೇಶದ್ದು ತಗೊಳ್ಳುವುದಾದರೆ

ಸರಿ, ರುಚಿಗಾಗಿ ತಗೊಳ್ಳುತ್ತೀರಿ ಅಂತಿಟ್ಟುಕೊಳ್ಳಿ. ಪ್ಯಾಕೆಟ್ ತಿರುಗಿಸಿ ಹಿಂದೆ ನೋಡಿ. ಭಾರತದ ಆಮದುದಾರರ ಹೆಸರು, ವಿಳಾಸ, ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಪರವಾನಗಿ ಸಂಖ್ಯೆ, ಎಂಆರ್‌ಪಿ, ಹಸಿರು ಚುಕ್ಕೆ, ಇಷ್ಟೂ ಇರುವ ಸ್ಟಿಕ್ಕರ್ ಅಂಟಿಸಿರಬೇಕು. ಇಲ್ಲದಿದ್ದರೆ ಅದು ಯಾರದೋ ಲಗೇಜಿನಲ್ಲಿ ಬಂದ ಮಾಲು. ಎಷ್ಟು ದಿನ ಹೊರಗಿತ್ತು ಅಂತ ಹೇಳುವವರು ಯಾರೂ ಇಲ್ಲ, ಕೆಟ್ಟಿದ್ದರೆ ಕೇಳೋಣ ಅಂದರೂ ಯಾರೂ ಇಲ್ಲ. ಸ್ಟಿಕ್ಕರಿನ ತಾರೀಕು ಮತ್ತು ಕಂಪನಿ ಮುದ್ರಿಸಿದ ತಾರೀಕು ಎರಡನ್ನೂ ಹೋಲಿಸಿ. ಹಳೆಯ ತಾರೀಕಿನ ಮೇಲೇ ಸ್ಟಿಕ್ಕರ್ ಕೂರಿಸಿದ್ದರೆ ಸುಮ್ನೆ ಅಲ್ಲೇ ಇಟ್ಟು ಬನ್ನಿ.

‘ಸ್ಪ್ರೆಡಬಲ್’ ಅಂತ ಬರೆದಿದ್ದರೆ ಪದಾರ್ಥಗಳ ಪಟ್ಟಿ ಓದಿ. ಲುರ್ಪಾಕ್ ಸ್ಪ್ರೆಡಬಲ್‌ನಲ್ಲಿ ರೇಪ್‌ಸೀಡ್ (ಸಾಸಿವೆ ಜಾತಿಯ) ಎಣ್ಣೆ ಬೆರೆಸಿರುತ್ತಾರೆ. ಫ್ರಿಡ್ಜಿನಿಂದ ತೆಗೆದ ಕೂಡಲೇ ಹಚ್ಚಲು ಬರುವುದು ಅದಕ್ಕೇ. ಶುದ್ಧ ಬೆಣ್ಣೆಯಲ್ಲಿ ಹಾಲು ಅಥವಾ ಕೆನೆ, ಉಪ್ಪು ಹಾಕಿದ್ದರೆ ಉಪ್ಪು, ಕೆಲವದರಲ್ಲಿ ಹೆಪ್ಪಿನ ಬ್ಯಾಕ್ಟೀರಿಯಾ, ಇಷ್ಟೇ. ಕೊಬ್ಬು ಎಷ್ಟು ಅಂತಲೂ ನೋಡಿ. ನಮ್ಮ ದೇಶದ ನಿಯಮದಲ್ಲಿ ಟೇಬಲ್ ಬೆಣ್ಣೆಗೆ ಕನಿಷ್ಠ ಶೇ. 80 ಹಾಲಿನ ಕೊಬ್ಬು ಬೇಕು, ಯುರೋಪಿನಲ್ಲೂ ಅಷ್ಟೇ. ಅಲ್ಲಿನ ಕೆಲವು ಬೆಣ್ಣೆಗಳಲ್ಲಿ ಶೇ. 82 ಇರುತ್ತದೆ. ಪದರ ಪದರವಾಗಿ ಹಿಟ್ಟು ಮಡಚುವವರಿಗೆ ಆ ಎರಡು ಪರ್ಸೆಂಟ್ ಲಾಭವೇ, ನೀರು ಕಡಿಮೆ, ಲಟ್ಟಿಸಿದಾಗ ಒಡೆಯುವುದಿಲ್ಲ. ರೊಟ್ಟಿ ಮೇಲಿಟ್ಟು ಕರಗಿಸುವವರಿಗೆ ಏನು ವ್ಯತ್ಯಾಸ?

ನಮ್ಮ ಕಡೆ ದೊಡ್ಡ ಕಷ್ಟ ಅಂದರೆ ಬಿಸಿಲು. ಹಡಗಿನಲ್ಲಿ ತಣ್ಣಗಿನ ಕಂಟೇನರ್‌ನಲ್ಲಿ ಬಂದ ಬೆಣ್ಣೆ ಬಂದರಿನಿಂದ ಗೋದಾಮು, ಅಲ್ಲಿಂದ ಲಾರಿ, ಅಲ್ಲಿಂದ ಅಂಗಡಿ ಅಂತ ಕೈ ಬದಲಾಗುತ್ತಾ ಬರುತ್ತದೆ. ಬೆಣ್ಣೆ 32ರಿಂದ 35 ಡಿಗ್ರಿಗೇ ಕರಗುತ್ತದೆ. ವಿಜಯಪುರದಲ್ಲಿ ಏಪ್ರಿಲ್, ಮೇ ಅಂದರೆ 40 ದಾಟುತ್ತದೆ. ಒಮ್ಮೆ ಕರಗಿ ಮತ್ತೆ ಗಟ್ಟಿಯಾದ ಬೆಣ್ಣೆಯನ್ನು ಕೈಯಲ್ಲಿ ಹಿಡಿದರೆ ಗೊತ್ತಾಗುತ್ತದೆ. ಇಟ್ಟಿಗೆಯ ನಾಲ್ಕು ಮೂಲೆ ಚೂಪಾಗಿರುವುದಿಲ್ಲ, ದುಂಡಗಾಗಿರುತ್ತವೆ. ಕಾಗದದ ಮಡಿಕೆಯಲ್ಲಿ ಜಿಡ್ಡು ಒಸರಿರುತ್ತದೆ. ಮನೆಗೆ ತಂದು ಕತ್ತರಿಸಿದರೆ ನುಣ್ಣಗೆ ಇರದೆ ರವೆ ರವೆಯಾಗಿ ಕಾಣುತ್ತದೆ, ನೀರಿನ ಹನಿ ಬಿಡುತ್ತದೆ. ಅಷ್ಟು ದುಡ್ಡು ಕೊಟ್ಟು ಆ ಬೆಣ್ಣೆ ತಿನ್ನುವುದರಲ್ಲಿ ಅರ್ಥ ಇಲ್ಲ. ಅಂಗಡಿಯವರನ್ನು ‘ಅಣ್ಣಾರ, ರಾತ್ರಿ ಫ್ರಿಡ್ಜ್ ಚಾಲೂ ಇಡ್ತೀರೇನ್ರಿ?’ ಅಂತ ಕೇಳಲು ಸಂಕೋಚ ಬೇಡ. ಆನ್‌ಲೈನಿನಲ್ಲಿ ತರಿಸುವುದಾದರೆ, ಬಾಗಲಕೋಟೆ, ವಿಜಯಪುರದವರು ಫೆಬ್ರವರಿ ಕೊನೆಯಿಂದ ಮುಂಗಾರು ಹಿಡಿಯುವವರೆಗೆ ಆ ವಿಚಾರವನ್ನೇ ಬಿಡಿ. ಬೆಳಗಾವಿಯವರಿಗೆ ಗೋವಾ ಕಡೆ ಹೋಗಿಬರುವ ಅಭ್ಯಾಸ ಇದ್ದರೆ ಅಲ್ಲಿನ ಸೂಪರ್‌ಮಾರ್ಕೆಟ್‌ಗಳಲ್ಲಿ ನೋಡಬಹುದು, ಐಸ್ ಬ್ಯಾಗ್ ಮಾತ್ರ ಮರೆಯಬೇಡಿ.

ಬೆಲೆ ಯಾಕಿಷ್ಟು ಅಂದರೆ, ಬೆಣ್ಣೆ ಮೇಲೆ ಆಮದು ಸುಂಕವೇ ಶೇ. 40. ಮೇಲೆ ಸಾಗಣೆ, ತಣ್ಣಗಿಡುವ ಖರ್ಚು, ಒಬ್ಬೊಬ್ಬರ ಲಾಭ. ತೂಕ ನೋಡದೆ ಬೆಲೆ ಹೋಲಿಸಬೇಡಿ. ಹೊರಗಿನ ಪ್ಯಾಕೆಟ್ 200 ಗ್ರಾಂ, 227 ಗ್ರಾಂ, 250 ಗ್ರಾಂ ಹೀಗೆ ಬರುತ್ತವೆ. 100 ಗ್ರಾಮಿಗೆ ಎಷ್ಟು ಬಿತ್ತು ಅಂತ ಫೋನಿನಲ್ಲೇ ಲೆಕ್ಕ ಹಾಕಿ. 2025ರ ಸೆಪ್ಟೆಂಬರ್ 22ರಿಂದ ಬೆಣ್ಣೆಯ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿಯಿತು, ಆಗ ಅಮುಲ್‌ನ 100 ಗ್ರಾಂ ಪ್ಯಾಕೆಟ್ 62 ರೂಪಾಯಿಯಿಂದ 58ಕ್ಕೆ ಬಂತು. ಹೊರಗಿನ ಬೆಣ್ಣೆ ಇದರ ಮೂರು ಪಟ್ಟಿಗಿಂತ ಕಡಿಮೆಗೆ ಸಿಗುವುದು ಅಪರೂಪ.

ಊರಿನ ಪ್ಯಾಕೆಟ್ ಬೆಣ್ಣೆ

ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಂದಿನಿ ಎಲ್ಲ ಕಡೆ ಸಿಗುತ್ತದೆ. ಬೆಳಗಾವಿಗೆ ಒಂದು ಹಾಲು ಒಕ್ಕೂಟ, ವಿಜಯಪುರ ಮತ್ತು ಬಾಗಲಕೋಟೆಗೆ ಸೇರಿ ಒಂದು ಒಕ್ಕೂಟ ಇದೆ. ಬೆಳಗಾವಿ, ಚಿಕ್ಕೋಡಿ, ನಿಪ್ಪಾಣಿ ಕಡೆ ಕೊಲ್ಹಾಪುರದ ಗೋಕುಳ, ವಾರಣಾ ಕೂಡ ಬರುತ್ತವೆ. ಇವೆಲ್ಲ ಪಾಶ್ಚರೀಕರಿಸಿದ ಹಾಲಿನವು. ಸಾವಿರಾರು ಮನೆಯ ಹಾಲು ಕೂಡಿ ಮಾಡಿದ್ದರಿಂದ ಯಾವ ದನ ಏನು ತಿಂದಿತ್ತು ಅಂತ ಹೇಳಲಾಗದು, ಆದರೆ ರುಚಿ, ಕೊಬ್ಬು, ಸ್ವಚ್ಛತೆ ಒಂದೇ ಮಟ್ಟದಲ್ಲಿರುತ್ತದೆ. ಉಪ್ಪು ಹಾಕಿದ್ದು ಬ್ರೆಡ್ಡಿಗೆ, ಉಪ್ಪಿಲ್ಲದ್ದು ಕೇಕು, ತುಪ್ಪಕ್ಕೆ. ‘ಫ್ಯಾಟ್ ಸ್ಪ್ರೆಡ್’, ‘ಮಾರ್ಗರೀನ್’ ಅಂತ ಸಣ್ಣಕ್ಷರದಲ್ಲಿ ಬರೆದ ಡಬ್ಬಿ ಅದೇ ಸಾಲಿನಲ್ಲಿ ಇಟ್ಟಿರುತ್ತಾರೆ, ಅದು ಬೆಣ್ಣೆ ಅಲ್ಲ.

ಸಂತೆಯ ಬೆಣ್ಣೆ, ಮನೆಯ ಬೆಣ್ಣೆ

ನಾನು ಬರೆಯಲು ಕೂತದ್ದೇ ಇದಕ್ಕಾಗಿ. ಹುಲ್ಲು ಮೇಯ್ದ ದನದ ಬೆಣ್ಣೆ ಬೇಕು ಅನ್ನೋದು ನಿಮ್ಮ ಆಸೆಯಾದರೆ, ಸರಿಯಾದ ತಿಂಗಳಲ್ಲಿ ಸರಿಯಾದ ಮನೆ ಹುಡುಕಿ. ಅದು ಇಲ್ಲೇ ಸಿಗುತ್ತದೆ.

ತಿಂಗಳು ಯಾವುದು? ಮಳೆ ಬಿದ್ದು ಹೊಲದ ಬದುವಿನಲ್ಲಿ ಕರಿಕೆ ಹಬ್ಬಿದ ಮೇಲೆ, ಅಂದರೆ ಶ್ರಾವಣದಿಂದ ದೀಪಾವಳಿವರೆಗೆ, ದನಕ್ಕೆ ಹಸಿ ಮೇವು ಹೇರಳ. ಖಾನಾಪುರ ಕಡೆ ಮಳೆ ಜಾಸ್ತಿ, ಹಸಿರು ಇನ್ನೂ ತುಸು ದಿನ ನಿಲ್ಲುತ್ತದೆ. ಕೃಷ್ಣಾ, ಘಟಪ್ರಭಾ ನೀರಾವರಿ ಇರುವ ಅಥಣಿ, ರಾಯಬಾಗ, ಗೋಕಾಕ, ಮುಧೋಳ, ಜಮಖಂಡಿ ಕಡೆ ಗೋವಿನಜೋಳದ ಹಸಿ ಮೇವು, ಕಬ್ಬು ಕಡಿಯುವ ಕಾಲದಲ್ಲಿ ಕಬ್ಬಿನ ತುದಿಯ ಹಸಿರೆಲೆ ಇರುವುದರಿಂದ ಬೇಸಿಗೆಯಲ್ಲೂ ಅಷ್ಟಿಷ್ಟು ಹಸಿ ಸಿಗುತ್ತದೆ. ಇಂಡಿ, ಸಿಂದಗಿಯ ಒಣ ಬೇಸಾಯದ ಊರುಗಳಲ್ಲಿ ಬೇಸಿಗೆ ಬಂದರೆ ಜೋಳದ ಕಣಿಕೆ ಮತ್ತು ಹಿಂಡಿಯೇ ಗತಿ. ಅದು ಕೆಟ್ಟದ್ದು ಅಂತಲ್ಲ, ನಮ್ಮ ಹಿರಿಯರ ದನಗಳೆಲ್ಲ ಕಣಿಕೆ ತಿಂದೇ ಬೆಳೆದವು. ಆದರೆ ಅದನ್ನು ಹುಲ್ಲಿನ ಬೆಣ್ಣೆ ಅಂತ ಹೆಚ್ಚು ದುಡ್ಡು ಕೊಟ್ಟು ಕೊಳ್ಳಬೇಡಿ. ಇನ್ನೊಂದು ಮಾತು, ಎಮ್ಮೆಗಳು ಹೆಚ್ಚಾಗಿ ಮಳೆಗಾಲದ ಕೊನೆಯಿಂದ ಚಳಿಗಾಲದ ಹೊತ್ತಿಗೆ ಕರು ಹಾಕುತ್ತವೆ. ಆಮೇಲೆ ಹಾಲು ಜಾಸ್ತಿ, ಬೆಣ್ಣೆ ಸಂತೆಗೆ ಜಾಸ್ತಿ ಬರುತ್ತದೆ. ವರ್ಷದ ತುಪ್ಪ ಕಾಯಿಸಿ ಇಟ್ಟುಕೊಳ್ಳುವವರು ಆಗಲೇ ಕೊಳ್ಳಬೇಕು. ಪಂಚಮಿ ಉಂಡಿ ಕಟ್ಟುವ ವಾರದಲ್ಲಿ ಹೋದರೆ ರೇಟು ಏರಿರುತ್ತದೆ.

ಏನು ಕೇಳಬೇಕು? ತಳಿ ಯಾವುದು ಅಂತ ಕೇಳುವುದಕ್ಕಿಂತ ಮೇವು ಏನು ಅಂತ ಕೇಳಿ. ‘ಅಕ್ಕಾರ, ಎಮ್ಮೀದೋ ಆಕಳದ್ದೋ?’ ಅಂದರೆ ‘ಎಮ್ಮೀದರಿ, ನಿನ್ನಿ ಸಂಜೀಕ ಕಡದಿದ್ದು’ ಅಂತ ನೇರವಾಗಿ ಹೇಳುವವರು ಸಿಗುತ್ತಾರೆ. ಆಮೇಲೆ ‘ಈಗ ದನಕ್ಕ ಏನ ಹಾಕ್ತೀರಿ?’ ಅನ್ನಿ. ಹತ್ತಿ ಕಾಳಿನ ಹಿಂಡಿ ಜಾಸ್ತಿ ಹಾಕುವ ಮನೆಯ ಬೆಣ್ಣೆ ಗಟ್ಟಿ ಇರುತ್ತದೆ, ಬೇಗ ಕರಗುವುದಿಲ್ಲ. ಹಸಿ ಮೇವಿನದು ಮೆತ್ತಗೆ ಇರುತ್ತದೆ. ಗಟ್ಟಿ ಬೆಣ್ಣೆಯೇ ಒಳ್ಳೆಯದು ಅಂತ ನಂಬಿದವರು ಬಹಳ, ಆದರೆ ಗಟ್ಟಿ ಇರುವುದು ಹಿಂಡಿಯಿಂದಲೂ ಇರಬಹುದು. ಮೂರನೇ ಪ್ರಶ್ನೆ, ‘ಹಾಲು ಕಾಸಿ ಹೆಪ್ಪ ಹಾಕೀರೇನ್ರಿ?’ ಇದನ್ನು ತಪ್ಪದೆ ಕೇಳಿ. ಹಸಿ ಹಾಲಿನಿಂದ ತೆಗೆದ ಬೆಣ್ಣೆಯಲ್ಲಿ, ದನದಿಂದ ಮನುಷ್ಯರಿಗೆ ಹರಡುವ ಬ್ರುಸೆಲ್ಲೋಸಿಸ್‌ನಂಥ ರೋಗದ ಸೂಕ್ಷ್ಮಾಣು ಇರಬಹುದು. ಗರ್ಭಿಣಿಯರಿಗೆ, ಸಣ್ಣ ಮಕ್ಕಳಿಗೆ ಹಾಗೇ ತಿನ್ನಲು ಕೊಡುವುದಾದರೆ ಕಾಯಿಸಿದ ಹಾಲಿನದೇ ಆಗಬೇಕು, ಗೊತ್ತಿಲ್ಲದಿದ್ದರೆ ಪ್ಯಾಕೆಟ್ಟಿನದು ಕೊಡಿ. ತುಪ್ಪ ಕಾಯಿಸುವುದಾದರೆ ಈ ಚಿಂತೆ ಇಲ್ಲ.

ಉತ್ತರ ಕೇಳಿ ಆಯಿತು, ಈಗ ಉಂಡೆ ನೋಡಿ. ನೀರಿನಿಂದ ಎತ್ತಿದ ಉಂಡೆಯನ್ನು ಬೆರಳಿನಿಂದ ಒತ್ತಿದಾಗ ಬಿಳಿ ಮಜ್ಜಿಗೆ ಚಿಮ್ಮಿದರೆ ಸರಿಯಾಗಿ ತೊಳೆದು ಹಿಂಡಿಲ್ಲ ಅಂತ ತಿಳಿಯಿರಿ. ಅದು ಬೇಗ ಹುಳಿಯುತ್ತದೆ, ತೂಕಕ್ಕೆ ನೀರಿನ ದುಡ್ಡೂ ಕೊಟ್ಟಂತಾಗುತ್ತದೆ. ಮೂಸಿ ನೋಡಿ. ಸ್ವಲ್ಪ ಹುಳಿ ವಾಸನೆ, ಮೊಸರಿನ ಘಮ ಇರಬೇಕು. ಸಾಬೂನಿನ ವಾಸನೆ, ಹಳೇ ಎಣ್ಣೆಯ ವಾಸನೆ ಬಂದರೆ ಬೇಡ. ಕಡಲೆ ಗಾತ್ರದಷ್ಟು ನಾಲಿಗೆ ಮೇಲಿಟ್ಟರೆ ತಾನೇ ಕರಗಿ ಇಳಿಯಬೇಕು. ಅಂಗುಳಕ್ಕೆ ಮೇಣದಂತೆ ಅಂಟಿ ಕೂತರೆ ವನಸ್ಪತಿಯ ಅನುಮಾನ ಬರಬೇಕು. ಬೇಯಿಸಿದ ಆಲೂಗಡ್ಡೆ, ಹಿಟ್ಟು ಬೆರೆಸಿದ್ದಾರಾ ಅಂತ ಮನೆಯಲ್ಲೇ ನೋಡಬಹುದು. ಗಾಜಿನ ಬಟ್ಟಲಲ್ಲಿ ಅರ್ಧ ಚಮಚ ಬೆಣ್ಣೆಗೆ ಎರಡು ಮೂರು ಹನಿ ಟಿಂಚರ್ ಅಯೋಡಿನ್ ಹಾಕಿ, ನೀಲಿ ಬಂದರೆ ಪಿಷ್ಟ ಇದೆ. ವನಸ್ಪತಿ ಇದರಲ್ಲಿ ಸಿಕ್ಕಿಬೀಳುವುದಿಲ್ಲ. ಅದಕ್ಕೆ ಪ್ರಯೋಗಾಲಯ ಬೇಕು, ಆಮ್ಲ ತಂದು ಮನೆಯಲ್ಲಿ ಪ್ರಯೋಗ ಮಾಡಬೇಡಿ.

ಬೆಲೆಯ ಲೆಕ್ಕ ಹೀಗೆ ಹಾಕಿ. ಪ್ಯಾಕೆಟ್ಟಿನ ಟೇಬಲ್ ಬೆಣ್ಣೆಯಲ್ಲಿ ಕನಿಷ್ಠ ಶೇ. 80 ಕೊಬ್ಬು ಅಂತ ನಿಯಮವೇ ಇದೆ. ಸಂತೆಯ ಉಂಡೆಯಲ್ಲಿ ಎಷ್ಟು ಅಂತ ಕಾಯಿಸಿದಾಗಲೇ ಗೊತ್ತಾಗುವುದು. ಮೊದಲ ಸಲ ಕಾಲು ಕಿಲೋ ಮಾತ್ರ ತಂದು, ತೂಕ ಮಾಡಿ, ತುಪ್ಪ ಕಾಯಿಸಿ, ಸೋಸಿ ಮತ್ತೆ ತೂಕ ಮಾಡಿ. ಉದಾಹರಣೆಗೆ ಕಿಲೋಗೆ 480 ರೂಪಾಯಿಯ ಬೆಣ್ಣೆಯಿಂದ 680 ಗ್ರಾಂ ತುಪ್ಪ ಬಂದರೆ ತುಪ್ಪ ಕಿಲೋಗೆ ಸುಮಾರು 706 ಬಿತ್ತು. ಕಿಲೋಗೆ 570ರ ಉಪ್ಪಿಲ್ಲದ ಪ್ಯಾಕೆಟ್ ಬೆಣ್ಣೆಯಿಂದ 800 ಗ್ರಾಂ ಹತ್ತಿರ ಬಂದರೆ ಅದೂ 712ರ ಆಸುಪಾಸು. ನೋಡಿದಿರಾ, 90 ರೂಪಾಯಿ ಅಗ್ಗ ಅನ್ನಿಸಿದ್ದು ನೀರಲ್ಲೇ ಹೋಯಿತು.

ಇದೇ ಲೆಕ್ಕ ಉಲ್ಟಾ ಹಾಕಿದರೆ ಮೋಸವೂ ಗೊತ್ತಾಗುತ್ತದೆ. ಶೇ. 7 ಕೊಬ್ಬಿನ ಎಮ್ಮೆ ಹಾಲಾದರೆ ಒಂದು ಕಿಲೋ ಬೆಣ್ಣೆಗೆ 12 ಲೀಟರ್ ಹತ್ತಿರ ಬೇಕು, ಶೇ. 4ರ ಆಕಳ ಹಾಲಾದರೆ 20 ಲೀಟರ್. ಹಾಲು ಲೀಟರಿಗೆ 40 ಅಂತ ಹಿಡಿದರೂ ಆಕಳ ಬೆಣ್ಣೆಗೆ 800 ರೂಪಾಯಿ ಹಾಲಿನದೇ ಆಯಿತು. ಹಾಲು ಮಾರಿ ಕೆನೆ ಮಾತ್ರ ಉಳಿಸಿ ಕಡೆಯುವವರು ಕಡಿಮೆಗೆ ಕೊಡಬಲ್ಲರು, ಅದು ಸರಿ. ಆದರೆ ‘ಪೂರ್ತಿ ಹಾಲಿಗೆ ಹೆಪ್ಪು ಹಾಕಿ ಕಡೆದ ಖಿಲಾರಿ ಆಕಳ ಬೆಣ್ಣೆ, 500 ರೂಪಾಯಿ’ ಅಂತ ಯಾರಾದರೂ ಹೇಳಿದರೆ ನಂಬುವುದು ಹೇಗೆ? ಖಿಲಾರಿ, ಕೃಷ್ಣಾ ಕಣಿವೆ ತಳಿಗಳು ದುಡಿಮೆಗೆ ಹೆಸರಾದವು, ಹಾಲು ಕಡಿಮೆ, ಅದರಲ್ಲೂ ಕರುವಿಗೆ ಬಿಟ್ಟು ಉಳಿಯುವುದು ಇನ್ನೂ ಕಡಿಮೆ. ಅಂಥ ಬೆಣ್ಣೆ ನಿಜವಾಗಿ ಇದ್ದರೆ ದುಬಾರಿಯೇ ಇರಬೇಕು, ಮತ್ತು ಆ ರೈತರಿಗೆ ಆ ಬೆಲೆ ಕೊಡಲೇಬೇಕು.

‘ಎ2 ಬೆಣ್ಣೆ’ ಅಂತ ಹೆಚ್ಚು ದುಡ್ಡು ಕೇಳಿದರೆ ಕೊಡಬೇಡಿ. ಎ2 ಅನ್ನೋದು ಹಾಲಿನ ಒಂದು ಪ್ರೋಟೀನಿನ ವಿಷಯ. ಬೆಣ್ಣೆಯಲ್ಲಿ ಪ್ರೋಟೀನ್ 100 ಗ್ರಾಮಿಗೆ ಒಂದು ಗ್ರಾಂ ಕೂಡ ಇರುವುದಿಲ್ಲ. ಎಫ್‌ಎಸ್‌ಎಸ್‌ಎಐ 2024ರ ಆಗಸ್ಟಿನಲ್ಲಿ ಹಾಲು, ತುಪ್ಪ, ಬೆಣ್ಣೆಯ ಮೇಲಿನ ಎ1, ಎ2 ಹೆಸರು ತೆಗೆಯಿರಿ ಅಂತ ಹೇಳಿ, ಕೆಲವೇ ದಿನದಲ್ಲಿ ಆ ಸೂಚನೆ ವಾಪಸ್ ತಗೊಂಡಿತು. ಅದಕ್ಕೇ ಆ ಹೆಸರು ಈಗಲೂ ಡಬ್ಬಿಗಳ ಮೇಲೆ ಕಾಣುತ್ತದೆ.

ಒಳ್ಳೆಯ ಮನೆ ಸಿಕ್ಕಿತು ಅಂದರೆ ವಾರಕ್ಕಿಷ್ಟು ಅಂತ ಮೊದಲೇ ಹೇಳಿಡಿ. ಖಚಿತ ಗಿರಾಕಿ ಇದ್ದರೆ ಅವರೂ ತಾಜಾ ಕಡೆದು ಕೊಡುತ್ತಾರೆ, ದರದ ಎಳೆದಾಟ ಇರುವುದಿಲ್ಲ. ಮನೆಗೆ ತಂದ ಮೇಲೆ ತಣ್ಣೀರಿನಲ್ಲಿ ಎರಡು ಮೂರು ಸಲ ತೊಳೆಯಿರಿ, ತೊಳೆದ ನೀರು ತಿಳಿಯಾಗುವವರೆಗೆ. ಆಮೇಲೆ ಮರದ ಸೌಟಿನಿಂದ ಒತ್ತಿ ನೀರು ಬಸಿಯಿರಿ. ಹಾಗೇ ತಿನ್ನುವಷ್ಟನ್ನು ತಣ್ಣೀರಿನಲ್ಲಿ ಮುಳುಗಿಸಿ ಫ್ರಿಡ್ಜಿನಲ್ಲಿಡಿ, ದಿನಾ ನೀರು ಬದಲಿಸಿ, ವಾರದೊಳಗೆ ಮುಗಿಸಿ. ಉಳಿದದ್ದನ್ನು ಅಂದೇ ಕಾಯಿಸಿಬಿಡಿ, ಇಲ್ಲವೇ ಸಣ್ಣ ತುಂಡು ಮಾಡಿ ಬಟರ್ ಪೇಪರಿನಲ್ಲಿ ಸುತ್ತಿ ಫ್ರೀಜರಿಗೆ ಹಾಕಿ. ಈರುಳ್ಳಿ, ಮೀನು ಇಟ್ಟ ಕಡೆ ತೆರೆದಿಡಬೇಡಿ, ಬೆಣ್ಣೆ ಪಕ್ಕದ ವಾಸನೆಯನ್ನೆಲ್ಲ ಹೀರಿಕೊಳ್ಳುತ್ತದೆ. ಹೊರದೇಶದ ಪ್ಯಾಕೆಟ್ ತಂದಿದ್ದರೂ ಇದೇ ಕ್ರಮ: ಬೇಕಾದಷ್ಟು ಕತ್ತರಿಸಿ ಹೊರಗಿಟ್ಟು, ಮಿಕ್ಕದ್ದನ್ನು ಅದರದೇ ಕಾಗದದಲ್ಲಿ ಬಿಗಿಯಾಗಿ ಸುತ್ತಿ ತಕ್ಷಣ ಫ್ರೀಜರಿಗೆ ಇಡಿ.